ಥಾಯ್ಲೆಂಡ್ ನಿವೃತ್ತಿ ವೀಸಾ: ಠೇವಣಿಯೋ, ತಿಂಗಳ ಆದಾಯವೋ?

50 ದಾಟಿದವರು ಥಾಯ್ಲೆಂಡಿನಲ್ಲಿ ವರ್ಷದ ವಾಸ್ತವ್ಯ ಮುಂದುವರಿಸಲು ಮುಖ್ಯವಾಗಿ ಎರಡು ದಾರಿ: ಅಲ್ಲಿನ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ. ಎರಡನ್ನೂ ಸೇರಿಸಿ ವರ್ಷಕ್ಕೆ 8 ಲಕ್ಷ ತೋರಿಸುವುದಕ್ಕೂ ಅವಕಾಶವಿದೆ.

ಆದಾಯದ ದಾರಿಯಲ್ಲಿ ವಿನಿಮಯ ದರ ಪ್ರತಿ ತಿಂಗಳೂ ಕಾಡುತ್ತದೆ. ಬಾತಿಗೆ 2.40 ರೂಪಾಯಿ ಇದ್ದರೆ 65,000 ಬಾತಿಗೆ 1.56 ಲಕ್ಷ ರೂಪಾಯಿ ಬೇಕು; 2.80 ಆದರೆ 1.82 ಲಕ್ಷ. ಪಿಂಚಣಿ ಮಾತ್ರ ಅಷ್ಟೇ. ಬ್ಯಾಂಕ್ ಶುಲ್ಕ ಕಳೆದು 64,700 ಬಂದರೂ ಆ ತಿಂಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಹಾಗಾಗಿ 70,000ದ ಗುರಿಯಿಟ್ಟು ಕಳಿಸಿ. ಹಣ ವಿದೇಶದಿಂದಲೇ ಬಂದದ್ದೆಂದು ಪಾಸ್‌ಬುಕ್‌ನಲ್ಲಿ ಕಾಣಬೇಕು. ಕೆಲವು ಆ್ಯಪ್‌ಗಳ ಮೂಲಕ ಕಳಿಸಿದ್ದು ಸ್ಥಳೀಯ ಜಮೆಯಂತೆ ದಾಖಲಾಗಿ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಠೇವಣಿಯಲ್ಲಿ ದರದ ಏಟು ಹೆಚ್ಚಾಗಿ ಒಂದೇ ಸಲ, ಹಣ ಕಳಿಸುವಾಗ. ಅರ್ಜಿಗೆ 2 ತಿಂಗಳು ಮುಂಚಿನಿಂದ, ಮಂಜೂರಾದ 3 ತಿಂಗಳವರೆಗೂ 8 ಲಕ್ಷ ಕದಲಬಾರದು. ಆಮೇಲೆ 4 ಲಕ್ಷದವರೆಗೆ ಇಳಿಸಬಹುದು, ಆದರೆ ಮುಂದಿನ ಅರ್ಜಿಗೆ ಮತ್ತೆ ತುಂಬಬೇಕು. ಆಗ ರೂಪಾಯಿ ಕುಸಿದಿದ್ದರೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಸುರಿಯಬೇಕಾದೀತು. ಮುಟ್ಟದಿರುವುದೇ ಕ್ಷೇಮ.

ಭಾರತದಿಂದ ಕಳಿಸುವವರಿಗೆ ಇನ್ನೊಂದು ಮಾತು: ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ (ಹಣ ಕಳಿಸುವಾಗಲೇ ಮುಂಗಡವಾಗಿ ವಸೂಲಿಸುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಷ್ಟು ದಿನ ಹಣ ಕಟ್ಟಿಬೀಳುತ್ತದೆ. ಠೇವಣಿಯನ್ನು ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಕಳಿಸಿದರೆ ಈ ಹೊರೆ ಬಹುಪಾಲು ತಪ್ಪುತ್ತದೆ. ತಿಂಗಳ ಆದಾಯದವರಿಗೆ ಆ ಅನುಕೂಲವಿಲ್ಲ. ಉಳಿತಾಯ ಇದ್ದವರಿಗೆ ಠೇವಣಿಯೇ ನಮ್ಮ ಆಯ್ಕೆ.