ಎಲರಿ ಮಡುವೋ, ಆರ್ಮಿಸ್ಟನ್ ಕಮರಿಯೋ? ಒಂದೇ ದಿನ ಇದ್ದರೆ ಎಲ್ಲಿಗೆ ಹೋಗಬೇಕು

ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಹೊರಟರೆ ಮ್ಯಾಕ್‌ಡೊನೆಲ್ ಬೆಟ್ಟಸಾಲು ದಾರಿಯುದ್ದಕ್ಕೂ ಜೊತೆಗೇ ಬರುತ್ತದೆ. ಕೆಂಪು ಬಂಡೆ, ನಡುನಡುವೆ ಹೊಳೆ ಕೊರೆದ ಸೀಳು, ಸೀಳಿನ ಬುಡದಲ್ಲಿ ಒಂದು ಮಡು. ಹೊಳೆ ವರ್ಷದ ಹೆಚ್ಚು ದಿನ ಬರೀ ಮರಳು. ನೀರು ನಿಲ್ಲುವುದು ಮಡುವಿನಲ್ಲಿ ಮಾತ್ರ.

ಅಕ್ಟೋಬರ್ ಮೊದಲ ವಾರ, ಶಾಲೆಗೆ ರಜೆ ಇದ್ದಾಗ ಮೆಲ್ಬರ್ನ್‌ನಿಂದ ಹೋಗಿದ್ದೆವು. ನಾನು, ಗಂಡ, ಒಂಬತ್ತು ವರ್ಷದ ಮಗಳು, ಮೈಸೂರಿನಿಂದ ಬಂದಿದ್ದ ಅತ್ತೆ. ಒಂದು ದಿನ ಎಲರಿ ಕ್ರೀಕ್ ಬಿಗ್ ಹೋಲ್, ಮಾರನೆಯ ದಿನ ಆರ್ಮಿಸ್ಟನ್ ಗಾರ್ಜ್. ಎರಡೂ ಇಲ್ಲಿನ ಮೂಲನಿವಾಸಿಗಳಾದ ಅರೆರ್ನ್ಟೆ ಜನರ ನೆಲ. ಅವರ ಮಾತಿನಲ್ಲಿ ಇವು ಉಡೆಪಾಟ ಮತ್ತು ಕ್ವಾರ್ಟಟುಮ.

ಎಲರಿ ಹತ್ತಿರ, ಕಾರಿನಲ್ಲಿ ಸುಮಾರು ಒಂದು ಗಂಟೆ. ಇಳಿದು ಸ್ವಲ್ಪ ನಡೆದರೆ ಸಾಕು, ಎರಡು ಕೆಂಪು ಗೋಡೆಗಳ ನಡುವೆ ಅಗಲವಾದ ನೀರು, ಈಚೆ ಮರಳಿನ ದಡ. ಹೊರಗೆ ಬಿಸಿಲು ಸುಡುತ್ತಿತ್ತು. ನೀರಿಗಿಳಿದ ಮಗಳು ಮೊದಲು "ಬೆಚ್ಚಗಿದೆ ಅಮ್ಮ" ಅಂದಳು. ಸೊಂಟದ ತನಕ ಹೋಗುವಷ್ಟರಲ್ಲಿ ಕಿರುಚಿದಳು. ಮೇಲಿನ ಒಂದು ಗೇಣು ನೀರು ಮಾತ್ರ ಬೆಚ್ಚಗೆ, ಕೆಳಗೆಲ್ಲ ಐಸ್. ಮಕ್ಕಳನ್ನು ಹತ್ತು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ತುಟಿ ನೀಲಿಯಾಗುತ್ತದೆ. ಅತ್ತೆ ನೀಲಗಿರಿ ಜಾತಿಯ ದೊಡ್ಡ ಮರದ ನೆರಳಲ್ಲಿ ಕಾಲು ಚಾಚಿ ಕೂತು, ನೀರು ಕುಡಿಯಲು ಬರುವ ಕೆಂಪು ಕೊಕ್ಕಿನ ಪುಟ್ಟ ಫಿಂಚ್ ಹಕ್ಕಿಗಳನ್ನು ನೋಡುತ್ತಿದ್ದರು. ಆದರೆ ಹನ್ನೊಂದರ ಹೊತ್ತಿಗೆ ದಡ ತುಂಬಿತು. ಈಜಿ ಮುಗಿದ ಮೇಲೆ ನಮಗೆ ಅಲ್ಲಿ ಹೆಚ್ಚು ಕೆಲಸ ಇರಲಿಲ್ಲ.

ಆರ್ಮಿಸ್ಟನ್ ದೂರ, ಊರಿನಿಂದ 135 ಕಿ.ಮೀ. ಪಾರ್ಕಿಂಗ್ ಹತ್ತಿರ ಕಾಫಿ ಸಿಗುವ ಚಿಕ್ಕ ಅಂಗಡಿ ಇದೆ. ಮಡುವಿಗೆ ಸಲೀಸಾದ ದಾರಿಯಿದೆ, ಅತ್ತೆಯೂ ನಿಧಾನವಾಗಿ ನಡೆದರು. ಇಲ್ಲಿನ ಮಡು ದಕ್ಷಿಣದ ತುದಿಯಲ್ಲಿ 14 ಮೀಟರ್ ಆಳ ಎಂಬ ಅಂದಾಜಿದೆ, ಹಾಗಾಗಿ ಈಜು ಬಾರದವರು ಅಂಚಿನಲ್ಲೇ ಇರಬೇಕು.

ನನ್ನನ್ನು ಗೆದ್ದದ್ದು ಮಡುವಲ್ಲ, ಘೋಸ್ಟ್ ಗಮ್ ವಾಕ್ ಎಂಬ ಕಾಲುದಾರಿ. ಸುಮಾರು ಎರಡೂವರೆ ಕಿ.ಮೀ. ಸುತ್ತು. ಕಡಿದಾದ ಮೆಟ್ಟಿಲು ಹತ್ತಿದರೆ ಬಂಡೆಯ ಅಂಚಿನಲ್ಲಿ ಒಂದೇ ಒಂದು ಬಿಳಿ ಘೋಸ್ಟ್ ಗಮ್ ಮರ, ಕೆಳಗೆ ಇಡೀ ಕಮರಿ. ಮಗಳು ಕಾಂಡವನ್ನು ಸವರಿ ಅಂಗೈ ತೋರಿಸಿದಳು. ವಿಭೂತಿ ಹಚ್ಚಿದ ಹಾಗೆ ಬಿಳಿ ಪುಡಿ! ಆಮೇಲೆ ದಾರಿ ಹೊಳೆಯ ತಳಕ್ಕೇ ಇಳಿಯುತ್ತದೆ. ಅಲ್ಲಿ ಗುಲಾಬಿ, ನೇರಳೆ, ಬೂದು ಬಣ್ಣದ ಬಂಡೆಗಳ ಮೇಲೆ ಕಾಲಿಟ್ಟುಕೊಂಡು ಬರಬೇಕು. ಒಂದು ಚಪ್ಪಡಿಯ ಮೇಲೆ ಸಾಲುಸಾಲು ಗೆರೆ ಇತ್ತು, ನಮ್ಮ ಮಲ್ಪೆ ಕಡಲತೀರದಲ್ಲಿ ಅಲೆ ಹಿಂದೆ ಹೋದಾಗ ಉಳಿಯುತ್ತದಲ್ಲ, ಥೇಟ್ ಹಾಗೆ. ಆ ಕಲ್ಲು ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ಮರಳು. 80 ಕೋಟಿ ವರ್ಷಕ್ಕೂ ಹಳೆಯದು. ಮಗಳು ಬೆರಳಿನಿಂದ ಆ ಗೆರೆಗಳನ್ನು ಎಣಿಸುತ್ತಾ ಕೂತುಬಿಟ್ಟಳು, ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ.

ಹಾಗಾಗಿ ಒಂದೇ ದಿನ ಇದ್ದರೆ, ಮಂಡಿ ಗಟ್ಟಿ ಇದ್ದರೆ, ಆರ್ಮಿಸ್ಟನ್‌ಗೇ ಹೋಗಿ. ಪುಟ್ಟ ಮಕ್ಕಳು, ವಯಸ್ಸಾದವರು, ಅರ್ಧ ದಿನ ಅಂದರೆ ಎಲರಿ. ದಾರಿಯಲ್ಲೇ ಇದೆ ಅಂತ ಎಲ್ಲ ಕಮರಿಯನ್ನೂ ಒಂದೇ ದಿನಕ್ಕೆ ತುರುಕಬೇಡಿ, ಎಲ್ಲೂ ಕೂರಲು ಆಗುವುದಿಲ್ಲ. ಊರಿಗೆ ಹತ್ತಿರದ ಸಿಂಪ್ಸನ್ಸ್ ಗ್ಯಾಪ್‌ನಲ್ಲಿ ಈಜುವಂತಿಲ್ಲ, ಆದರೆ ಬೆಳಗ್ಗೆ ಬೇಗ ಹೋದರೆ ಬಂಡೆಗಳ ಮೇಲೆ ಕಾಂಗರೂ ಜಾತಿಯ ಪುಟ್ಟ ವಾಲಬಿಗಳು ಕಾಣುತ್ತವೆ.

ಪೆಟ್ರೋಲ್ ಊರಲ್ಲೇ ತುಂಬಿಸಿ. ಫೋನಿನ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ದಾರಿಯಲ್ಲಿ ನಮಗೆ ಸಿಗ್ನಲ್ ಸಿಗಲಿಲ್ಲ. ಬೇರೆ ರಾಜ್ಯ, ಬೇರೆ ದೇಶದವರು ಪಾರ್ಕ್ ಪಾಸ್ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ನೊಣದ ಬಲೆ ಇರುವ ಟೋಪಿ ಸುಮ್ನೆ ಖರ್ಚು ಅಂತ ಬಿಡಬೇಡಿ. ಕತ್ತಲಾದ ಮೇಲೆ ಕಾಂಗರೂ ರಸ್ತೆಗೆ ಬರುತ್ತವೆ, ಆದ್ದರಿಂದ ಮೂರೂವರೆಗೆ ಹೊರಟುಬಿಡಿ. ಆಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಮುಂದಿನ ಬೆಟ್ಟವೆಲ್ಲ ಕೆಂಡದ ಬಣ್ಣ. ಈ ರಸ್ತೆಗೆ ಅರೆರ್ನ್ಟೆ ಚಿತ್ರಕಾರ ಆಲ್ಬರ್ಟ್ ನಮಟ್ಜಿರಾ ಅವರ ಹೆಸರಿದೆ. ಜಲವರ್ಣದಲ್ಲಿ ಅವರು ಬಿಡಿಸಿದ ಬೆಟ್ಟಗಳು ಇವೇ.

ಅತ್ತೆ ಮಾತ್ರ ಈಗಲೂ ಎಲರಿಯ ಪರ. ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ ಆ ಹಕ್ಕಿಗಳನ್ನು ಕೇಳುತ್ತಾರೆ.