'ಬೇಜಾರು' ಬಿಡಿಸಿದ ತರಬೇತಿ: ಚಿಕ್ಕಮಗಳೂರಿನ ಎರಡು ದಿನದ ಶಿಬಿರ ಹೇಗಿತ್ತು?

ಕಾಫಿ ತೋಟದ ರೈಟರ್‌ಗಳು (ಲೆಕ್ಕ ಬರೆಯುವವರು), ಮೇಸ್ತ್ರಿಗಳು ಮತ್ತು ಕ್ಯೂರಿಂಗ್ (ಕಾಫಿ ಬೀಜ ಹಸನು ಮಾಡುವ) ಕಚೇರಿಯವರಿಗಾಗಿ ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ, ಚಿಕ್ಕಮಗಳೂರಿನಲ್ಲಿ ನಡೆದ ಶಿಬಿರ ಇದು. ಕೆಲಸದ ಜಾಗದಲ್ಲಿ ಒಬ್ಬರೊಡನೊಬ್ಬರು ಹೊಂದಿಕೊಂಡು ಹೋಗುವುದು ಹೇಗೆ ಎಂಬುದೇ ವಿಷಯ. 24 ಜನ, ಇಬ್ಬರು ತರಬೇತುದಾರರು, ಊಟ ಸೇರಿ ತಲಾ 1,800 ರೂಪಾಯಿ. ಮೊದಲ ದಿನಕ್ಕೆ ಕೊಟ್ಟ ದುಡ್ಡು ಸಾರ್ಥಕ. ಎರಡನೆಯ ದಿನದ ಮಧ್ಯಾಹ್ನ ದಂಡ.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಬೆಳಗಿನ ಮೊದಲ ಪಾಠ. ನಮ್ಮ ಕಡೆ ಏನಾದರೂ 'ಬೇಜಾರು' ಅಂತ ಒಂದೇ ಮಾತಲ್ಲಿ ಮುಗಿಸುತ್ತೇವಲ್ಲ, ಅದನ್ನೇ ಬಿಡಿಸಿ ಬರೆಸಿದರು. ಎಲ್ಲರೆದುರು ಬೈಸಿಕೊಂಡ ಅವಮಾನ, ಎಷ್ಟು ಮಾಡಿದರೂ ಮುಗಿಯದ ದಣಿವು, ಕೆಲಸ ಹೋದೀತೆಂಬ ಅಂಜಿಕೆ, ಒಪ್ಪಿದ್ದು ಆಗಲಿಲ್ಲವೆಂಬ ನಿರಾಸೆ. ದಣಿದವರಿಗೆ ಬಿಡುವು ಬೇಕು, ಅವಮಾನವಾದವರಿಗೆ ಕ್ಷಮೆ ಬೇಕು. ಇಬ್ಬರಿಗೂ "ಹೋಗ್ಲಿ ಬಿಡಿ, ಬೇಜಾರ್ ಮಾಡ್ಕೋಬೇಡಿ" ಅಂದರೆ ಇಬ್ಬರ ನೋವೂ ಹಾಗೇ ಉಳಿಯುತ್ತದೆ. ಇಷ್ಟು ಚೆನ್ನಾದ ಪಾಠಕ್ಕೆ ಒಂದು ಗಂಟೆ ಸಾಲದು.

ಆಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ರೂಪಿಸಿದ, ನೋಯಿಸದೆ ಮಾತಾಡುವ ನಾಲ್ಕು ಹೆಜ್ಜೆ: ಕಂಡದ್ದು, ಅನ್ನಿಸಿದ್ದು, ಬೇಕಾದದ್ದು, ಕೇಳಿಕೆ. ಉದಾಹರಣೆ ತೋಟದ್ದೇ. "ಎಷ್ಟು ಸಲ ಹೇಳೋದು ನಿಂಗೆ, ಯಾವಾಗ್ಲೂ ಕಾಯಿ ಕಿತ್ಕೊಂಡ್ ಬರ್ತೀಯ" ಅನ್ನುವ ಬದಲು: "ಅಕ್ಕಾ, ಈ ಚೀಲದಲ್ಲಿ ಹಸಿರು ಕಾಯಿ ಸುಮಾರಿದೆ. ಪಲ್ಪರ್ ಮಿಷನ್‌ನಲ್ಲಿ ಸಿಪ್ಪೆ ಬಿಡಲ್ಲ ಅಂತ ನಂಗೆ ಆತಂಕ. ಬರೀ ಹಣ್ಣೇ ಬೇಕು. ನಾಳೆ ಮೊದಲನೇ ಸಾಲಿಗೆ ನಾನೂ ಬರ್ಲಾ, ಯಾವ್ದು ಬಿಡ್ಬೇಕು ಅಂತ ಇಬ್ರೂ ನೋಡೋಣ?" ಬಹುತೇಕರು ಎಡವಿದ್ದು ಮೊದಲ ಹೆಜ್ಜೆಯಲ್ಲೇ. 'ಯಾವಾಗ್ಲೂ' ಎಂಬ ಪದ ನುಸುಳಿದ ಕೂಡಲೇ ಕಂಡದ್ದು ಹೋಗಿ ಆರೋಪವಾಗುತ್ತದೆ. ಎದುರಿನವರು ತಪ್ಪು ಮಾಡದ ಒಂದು ದಿನವನ್ನು ಹುಡುಕಿ ತೆಗೆಯುತ್ತಾರೆ, ಕಾಯಿಯ ವಿಷಯ ಅಲ್ಲಿಗೇ ನಿಲ್ಲುತ್ತದೆ. ತೂಕದ ಹೊತ್ತಿನಲ್ಲಿ, ಹತ್ತು ಜನರೆದುರು ಹೇಳಬಾರದು ಎಂದದ್ದೂ ಸರಿ. ಆದರೆ ತನಗಿಂತ ಹಿರಿಯ ಆಳನ್ನು 'ನೀನು' ಎನ್ನುವ ರೂಢಿಯ ಬಗ್ಗೆ ಒಂದು ಮಾತೂ ಬರಲಿಲ್ಲ. ನಮ್ಮಲ್ಲಿ ಸಂಬಂಧ ಕೆಡುವುದು ಎಷ್ಟೋ ಸಲ ಅಲ್ಲಿಂದಲೇ.

ಕೇಳಿಸಿಕೊಳ್ಳುವ ಅಭ್ಯಾಸ ಮೂವರ ಗುಂಪಿನಲ್ಲಿ. ಒಬ್ಬರು ಮೂರು ನಿಮಿಷ ಮಾತಾಡುತ್ತಾರೆ, ಇನ್ನೊಬ್ಬರು ಒಂದು ನಿಮಿಷದಲ್ಲಿ ಅದನ್ನೇ ತಿರುಗಿ ಹೇಳುತ್ತಾರೆ, ಮೂರನೆಯವರು ಗಮನಿಸುತ್ತಾರೆ. ಅರ್ಧ ನಿಮಿಷಕ್ಕೇ ಸಲಹೆ ಶುರುವಾಗುತ್ತಿತ್ತು. ತರಬೇತುದಾರರು ಗುಂಪಿನಿಂದ ಗುಂಪಿಗೆ ಹೋಗಿ ತಡೆದದ್ದರಿಂದಲೇ ಇದು ಫಲ ಕೊಟ್ಟಿತು.

ಎರಡನೆಯ ದಿನ ಊಟವಾದ ಮೇಲೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡುವ ಇಂಗ್ಲಿಷಿನ ಸ್ವಭಾವ ಪರೀಕ್ಷೆ. ಅರ್ಧ ಜನಕ್ಕೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದವರು "ನೀವು ಕೆಂಪು, ಅದಕ್ಕೇ ಸಿಟ್ಟು" ಎಂದು ಒಬ್ಬರಿಗೊಬ್ಬರು ಹಣೆಪಟ್ಟಿ ಹಚ್ಚಿದರು. ಮೊದಲು ಕಲಿತದ್ದಕ್ಕೆ ಇದು ನೇರ ವಿರುದ್ಧ.

ಇನ್ನೊಂದು ತಪ್ಪು ದೊಡ್ಡದು. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಲೆಕ್ಕದ ತಕರಾರನ್ನು 'ಮಾತಿನ ಸಮಸ್ಯೆ' ಎಂದು ಅಭಿನಯಿಸಿದರು. ಮಸ್ಟರ್ (ಹಾಜರಿ ಪುಸ್ತಕ) ತಪ್ಪಿದ್ದರೆ ಮಸ್ಟರ್ ತಿದ್ದಬೇಕು, ಮೃದು ಮಾತಿನಿಂದ ಕೂಲಿ ಭರ್ತಿಯಾಗದು. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರಂತೂ ಹೊಂದಾಣಿಕೆಯ ಪಾಠ ಹೇಳಲೇಬಾರದು. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ದೂರು ಹೋಗಬೇಕಾದದ್ದು ಅಲ್ಲಿಗೆ. ಎರಡು ದಿನದಲ್ಲಿ ಇದು ಬಾಯಿಗೇ ಬರಲಿಲ್ಲ.

ಮ್ಯಾನೇಜರ್‌ಗಳು ಮೊದಲ ದಿನದ ಟೀ ಆದಮೇಲೆ ಎದ್ದು ಹೋದರು. ಮೇಸ್ತ್ರಿ ಹೊಸ ರೀತಿ ಮಾತಾಡಿ, ಮ್ಯಾನೇಜರ್ ಹಳೆಯದರಲ್ಲೇ ಗದರಿದರೆ ವಾರದೊಳಗೆ ಎಲ್ಲ ಮೊದಲಿನಂತೆ. ಕರೆಸುವವರು ಇಬ್ಬರನ್ನೂ ಕೊನೆಯವರೆಗೆ ಕೂರಿಸಬೇಕು. ಸ್ವಭಾವ ಪರೀಕ್ಷೆ ತೆಗೆಸಿ, ಅದರ ಬದಲು ನಾಲ್ಕು ವಾರದ ನಂತರ ಅರ್ಧ ದಿನದ ಮರುಅಭ್ಯಾಸ ಕೇಳಿ. ಅರೇಬಿಕಾ ಕಾಫಿ ಹಣ್ಣಾದ ಮೇಲೆ ಯಾರಿಗೂ ಪುರುಸೊತ್ತಿರದು, ಹಾಗಾಗಿ ಸೆಪ್ಟೆಂಬರಿನಲ್ಲೇ ಶುರು ಮಾಡುವುದು ಒಳ್ಳೆಯದು. ಹಾಸನದ ಗಾರ್ಮೆಂಟ್ಸ್‌ನವರು ಕರೆಸುವುದಾದರೆ ಲೈನ್ ಸೂಪರ್‌ವೈಸರ್, ದಿನದ ಟಾರ್ಗೆಟ್ಟಿನ ಉದಾಹರಣೆಗಳನ್ನು ಹದಿನೈದು ದಿನ ಮೊದಲೇ ತರಬೇತುದಾರರಿಗೆ ಬರೆದು ಕಳಿಸಿ.