ಗಿಟಾರ್ ಕೈಗೆ ಮೊದಲ ಪಿಟೀಲು: ಯಾವ ವಿಧಾನ ಒಗ್ಗುತ್ತದೆ, ಯಾವುದು ಕೈಕೊಡುತ್ತದೆ

ಗಿಟಾರ್ ಕಟ್ಟುವವರ ಬೆಂಚಿನ ಮೇಲೆ ಪಿಟೀಲಿಗೆ ಬೇಕಾದ ಬಹುಪಾಲು ಉಪಕರಣ ಆಗಲೇ ಇರುತ್ತದೆ. ತೊಡಕು ಇರುವುದು ರೂಢಿಯಲ್ಲಿ. ಗಿಟಾರಿನ ಹಲಗೆ ಹೆಚ್ಚುಕಡಿಮೆ ಚಪ್ಪಟೆ. ಅಳತೆಗಳನ್ನೆಲ್ಲ ಅದರಿಂದಲೇ ತೆಗೆಯಬಹುದು, ಮರದಲ್ಲಿ ಕಾಲುವೆ ಕೊರೆಯುವ ರೌಟರ್ ಯಂತ್ರ ಕೂಡ ಅದರ ಮೇಲೆ ಅಲುಗದೆ ಕೂರುತ್ತದೆ. ಪಿಟೀಲಿನಲ್ಲಿ ಆ ಆಸರೆ ಪಕ್ಕಪಟ್ಟಿಗಳ ಚೌಕಟ್ಟು ಮುಗಿಯುವವರೆಗೆ ಮಾತ್ರ. ಅಲ್ಲದೆ ಪಿಟೀಲು ತನ್ನ ಆಯುಷ್ಯದಲ್ಲಿ ದುರಸ್ತಿಗಾಗಿ ಹಲವು ಸಲ ಬಿಚ್ಚಿಸಿಕೊಳ್ಳುವ ವಾದ್ಯ. ಆದ್ದರಿಂದ ಇಲ್ಲಿ ಪ್ರತಿ ಕೆಲಸಕ್ಕೂ ಎರಡು ದಾರಿಗಳನ್ನು ಮಾಡಿ ನೋಡಿ, ತಪ್ಪಾದರೆ ಹಿಂದಕ್ಕೆ ಬರಲು ಯಾವುದರಲ್ಲಿ ಅವಕಾಶ ಹೆಚ್ಚು ಎಂಬುದನ್ನೇ ಮೊದಲು ತೂಗಿದ್ದೇವೆ. ವೇಗದ ಲೆಕ್ಕ ಆಮೇಲಿನದು.

ಅಳತೆಗಳೆಲ್ಲ ಪೂರ್ಣ ಗಾತ್ರದ ಪಿಟೀಲಿನವು: ದೇಹದ ಉದ್ದ ಸುಮಾರು 355 ಮಿ.ಮೀ., ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಟ್ಟೆಯಾದ ನಟ್‌ನಿಂದ ಕುದುರೆಯವರೆಗೆ (ಹಲಗೆಯ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ಮರದ ಆಸರೆ) ತಂತಿ ಸುಮಾರು 328 ಮಿ.ಮೀ. ಗಿಟಾರಿನ 650ರ ಅರ್ಧ ಅಷ್ಟೇ. ಅಲ್ಲಿ ನಡೆದುಹೋಗುವ ಅರ್ಧ ಮಿ.ಮೀ. ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಒಳ ಅಚ್ಚೋ, ಹೊರ ಅಚ್ಚೋ

ಬಾಗಿಸಿದ ಪಟ್ಟಿಯನ್ನು ಹೊರ ಅಚ್ಚಿನೊಳಗೆ ಇಳಿಸಿ ಬಿಗಿಯುವುದು ಬಹಳಷ್ಟು ಗಿಟಾರ್ ಕೆಲಸಗಾರರಿಗೆ ಉಸಿರಾಟದಷ್ಟೇ ಸಹಜ. ಪಿಟೀಲಿಗೂ ಈ ಪದ್ಧತಿ ಹೊಸತಲ್ಲ. ಫ್ರಾನ್ಸಿನ ಮಿರ್ಕೂರ್ ಕಾರ್ಯಾಗಾರಗಳಲ್ಲಿ ಹೊರ ಅಚ್ಚೇ ಬಳಕೆಯಲ್ಲಿತ್ತು. ಇಟಲಿಯ ಕ್ರೆಮೋನಾದವರದು ಒಳ ಅಚ್ಚು, ಪಟ್ಟಿ ಅದರ ಸುತ್ತ ಹೊರಗಿನಿಂದ ಕೂರುತ್ತದೆ. ಅಲ್ಲಿನ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿಯ ಮರದ ಅಚ್ಚುಗಳು ಆ ಊರಿನ ಸಂಗ್ರಹಾಲಯದಲ್ಲಿ ಇಂದಿಗೂ ಇವೆ.

ಹೊರ ಅಚ್ಚಿನಿಂದ ಬರುವ ಚೌಕಟ್ಟು ಎಡಬಲ ಅಚ್ಚುಕಟ್ಟಾಗಿ ಹೊಂದುತ್ತದೆ. ಆದರೆ ಪಿಟೀಲಿಗೆ ನಾಲ್ಕು ಮೂಲೆಗಳಿವೆ. ಎರಡು ಪಟ್ಟಿಗಳು ಕೂಡುವ ಆ ಮೊನೆ ಅಚ್ಚಿನ ಒಳಗೆ ಮುಚ್ಚಿಹೋಗುತ್ತದೆ. ಪಟ್ಟಿ ಅರ್ಧ ಮಿ.ಮೀ. ಗಿಡ್ಡವಾಗಿದ್ದರೆ ಅಂಟು ಒಣಗಿ ಹೊರಗೆ ತೆಗೆದಾಗಲೇ ಗೊತ್ತಾಗುವುದು. ಒಳಗಿನಿಂದ ಒತ್ತಿಹಿಡಿಯಲು ಪ್ರತಿ ತಿರುವಿಗೂ ಬೇರೆ ಬೇರೆ ಒತ್ತುಗಟ್ಟೆ ಕೊರೆಯಬೇಕು, ಅದೇ ಎರಡು ದಿನದ ಕೆಲಸ.

ಒಳ ಅಚ್ಚಿಗೆ 12ರಿಂದ 15 ಮಿ.ಮೀ. ಪ್ಲೈವುಡ್ ಒಂದು ತುಂಡು ಸಾಕು. ನಾಲ್ಕು ಮೂಲೆ, ಎರಡು ತುದಿಗಳಲ್ಲಿ ಪಟ್ಟಿ ಅಂಟಿಸಲು ಬೇಕಾದ ಆರು ಮರದ ಬ್ಲಾಕುಗಳಿಗೆ ಕಚ್ಚು, ಕ್ಲಾಂಪಿಗೆ ತೂತು, ಅಂಚಿಗೆ ಮೇಣ. ಬ್ಲಾಕುಗಳನ್ನು ಅಚ್ಚಿಗೆ ಅಂಟಿಸುವಾಗ ಒಂದೆರಡು ಹನಿಗಿಂತ ಹೆಚ್ಚು ಅಂಟು ಬೇಡ. ಹೆಚ್ಚಾದರೆ ಕೊನೆಗೆ ಅಚ್ಚು ಬಿಡಿಸುವಾಗ ಬ್ಲಾಕೇ ಸೀಳುತ್ತದೆ. ಮೊದಲು ನಡುವಿನ ಸಿ-ಬೌಟ್ (ಸೊಂಟದ ಒಳಬಾಗಿದ ಭಾಗ) ಪಟ್ಟಿಗಳು, ಅವುಗಳ ತುದಿ ಕೆತ್ತಿ ಸರಿಪಡಿಸಿದ ಮೇಲೆ ಮೇಲಿನವು, ಕೆಳಗಿನವು. ಪಟ್ಟಿ ಎಲ್ಲಿ ಕೂತಿಲ್ಲ ಎಂಬುದು ಸಂದಿನ ಬೆಳಕಿನಲ್ಲೇ ಕಾಣುತ್ತದೆ, ತೆಗೆದು ಮತ್ತೆ ಬಿಸಿ ತೋರಿಸಬಹುದು. ಒಂದು ದೋಷ ಮಾತ್ರ ನಿಜ: ಪಟ್ಟಿಯ ಎತ್ತರ 30ರಿಂದ 32 ಮಿ.ಮೀ., ಅಚ್ಚಿನ ಆಸರೆ ಅದರ ಅರ್ಧಕ್ಕೂ ಕಡಿಮೆ. ಹಾಗಾಗಿ ಅಂಚು ಗಂಟೆಯ ಬಾಯಿಯಂತೆ ಹೊರಕ್ಕೆ ವಾಲುತ್ತದೆ. ಪ್ರತಿ ಹಂತದಲ್ಲೂ ಮೂಲೆಮಟ್ಟ ಇಟ್ಟು ನೋಡಬೇಕು. ಹಲಗೆಯ ಹೊರರೇಖೆಯನ್ನು ಹೇಗೂ ಈ ಚೌಕಟ್ಟಿನ ಸುತ್ತ 2.5 ಮಿ.ಮೀ. ಬಿಟ್ಟು ಎಳೆಯುವುದರಿಂದ ಸಣ್ಣ ಸೊಟ್ಟ ಅಲ್ಲೇ ಕರಗಿಹೋಗುತ್ತದೆ. ಮೊದಲ ವಾದ್ಯಕ್ಕೆ ಒಳ ಅಚ್ಚೇ.

ಬಾಗಿಸುವ ಯಂತ್ರ, ಬಿಸಿ ಕೊಳವೆ

ಗಿಟಾರ್ ಪಕ್ಕಪಟ್ಟಿ 2 ಮಿ.ಮೀ. ಆಸುಪಾಸು, ಪಿಟೀಲಿನದು 1.0ರಿಂದ 1.2. ಆ ದಪ್ಪಕ್ಕೆ ಇಳಿಸುವ ವಿಷಯದಲ್ಲಿ ಉಪ್ಪುಕಾಗದದ ಉರುಳೆಯಿರುವ ಡ್ರಮ್ ಸ್ಯಾಂಡರ್ ಯಂತ್ರ ಗೆಲ್ಲುತ್ತದೆ. ಸಾಮಾನ್ಯ ಕೀಸುಳಿ ಹಿಡಿದರೆ ಹುಲಿಪಟ್ಟೆಯಂಥ ಗೆರೆಗಳಿರುವ ಮೇಪಲ್ ಮರ ಪಟ್ಟೆಪಟ್ಟೆಗೂ ಕಿತ್ತುಬರುತ್ತದೆ. ಬಾಗಿಸುವಾಗ ಲೆಕ್ಕ ತಿರುಗುಮುರುಗು. ಹೀಟಿಂಗ್ ಬ್ಲಾಂಕೆಟ್ ಇರುವ ಯಂತ್ರ ಗಿಟಾರಿನ ದೊಡ್ಡ ಸೊಂಟಕ್ಕೆ ಸರಿ, ಸಿ-ಬೌಟ್ ತುದಿಯ ಬಿಗಿ ತಿರುವಿಗೆ ಇಳಿಯುವುದಿಲ್ಲ. ಬಿಸಿ ಕೊಳವೆಯ ಮೇಲೆ ನೀರಿನ ಹನಿ ಚಟಪಟ ಹಾರಬೇಕು. ನಿಧಾನವಾಗಿ ಕುದಿದು ಆರಿದರೆ ಬಿಸಿ ಸಾಲದು. ಪಟ್ಟಿಯ ಹೊರಮೈಗೆ ತೆಳು ಲೋಹದ ಪಟ್ಟಿಯ ಆಸರೆ ಕೊಟ್ಟು ಒತ್ತಿದರೆ ಬಿರುಕು ಬಹಳ ಕಡಿಮೆ. ನೆನೆಹಾಕುವ ಗಿಟಾರ್ ಅಭ್ಯಾಸ ಬಿಡಬೇಕು. ನೀರು ಹೆಚ್ಚಾದರೆ ಹುಲಿಪಟ್ಟೆಗಳು ಒಂದೊಂದು ಒಂದೊಂದು ರೀತಿ ಉಬ್ಬಿ ಪಟ್ಟಿಯ ಮೈ ಅಲೆಅಲೆಯಾಗುತ್ತದೆ, ಆಮೇಲೆ ಕೆರೆದು ಸಮ ಮಾಡೋಣವೆಂದರೆ ಇರುವುದೇ ಒಂದು ಮಿ.ಮೀ.

ಹಲಗೆ ಅಂಟಲು ಪಕ್ಕಪಟ್ಟಿಯ ಅಂಚಿನ ಒಳಗೆ ಕೂರುವ ಲೈನಿಂಗಿಗೆ ಗಿಟಾರಿನ ಕಚ್ಚು ಹಾಕಿದ ಪಟ್ಟಿ ಬೇಡ, ಅದು ಇಲ್ಲಿ ಬರೀ ಭಾರ. 2 ಮಿ.ಮೀ. ದಪ್ಪ, 7–8 ಮಿ.ಮೀ. ಎತ್ತರದ ವಿಲೋ ಅಥವಾ ಸ್ಪ್ರೂಸ್ ಮರದ ಪಟ್ಟಿಯನ್ನೇ ಬಾಗಿಸಿ ಅಂಟಿಸಿದರೆ ಮುಗಿಯಿತು.

ಅಂಟು

ಇಲ್ಲಿ ಮೂರು ಸ್ಪರ್ಧಿಗಳು: ಹಳದಿ ಮರದಂಟು, ಬಾಟಲಿಯ ದ್ರವ ಹೈಡ್ ಗ್ಲೂ (ದ್ರವರೂಪದ ಚರ್ಮದ ಅಂಟು), ಬಿಸಿ ಮಾಡಿ ಬಳಸುವ ಚರ್ಮದ ಅಂಟು. ಹಳದಿ ಅಂಟಿನ ಬಲದಲ್ಲಿ ಕೊರತೆಯಿಲ್ಲ, ಆ ಬಲವೇ ಇಲ್ಲಿ ದೋಷ. ಒಣ ಹವೆಯಲ್ಲಿ ಮರ ಕುಗ್ಗಿದಾಗ ಅಂಚಿನ ಬೆಸುಗೆ ಬಿಟ್ಟುಕೊಡಬೇಕು. ಬಿಡದಿದ್ದರೆ ಹಲಗೆಯೇ ಸೀಳುತ್ತದೆ. ಮೇಲಾಗಿ ಹಳೆ ಹಳದಿ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ, ಪೂರ್ತಿ ಕೆರೆದೇ ಹಾಕಬೇಕು. ದ್ರವ ಹೈಡ್ ಗ್ಲೂ ನಿಧಾನವಾಗಿ ಬಿಗಿಯುತ್ತದೆ ಎಂಬುದು ಹೊಸಬರಿಗೆ ಆಕರ್ಷಣೆ, ಆದರೆ ತೇವದ ಹವೆಯಲ್ಲಿ ಮೆತ್ತಗಾಗುತ್ತದೆ. ಕುತ್ತಿಗೆಯ ಬುಡಕ್ಕೆ ಅದನ್ನು ನಂಬಲಾಗದು.

ಚರ್ಮದ ಅಂಟಿನ ಹರಳನ್ನು ತೂಕದಲ್ಲಿ ಸುಮಾರು ಎರಡರಷ್ಟು ತಣ್ಣೀರಿನಲ್ಲಿ ಉಬ್ಬಲು ಬಿಟ್ಟು, 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಬೇಕು. ಕುದಿಸಿದರೆ ಸತ್ವ ಹೋಯಿತು. ಜೆಲ್ ಬಲದ ಅಳತೆಯಲ್ಲಿ 192 ಗ್ರಾಂ ದರ್ಜೆಯ ಅಂಟು ಎಲ್ಲ ಕೆಲಸಕ್ಕೂ ಆಗುತ್ತದೆ. ಮೇಲ್ಹಲಗೆ ಮುಚ್ಚುವಾಗ ಇನ್ನಷ್ಟು ನೀರು ಬೆರೆಸಿ ತೆಳು ಮಾಡಬೇಕು, ಬಿಚ್ಚುವವರು ಒಂದು ದಿನ ಹರಸುತ್ತಾರೆ.

ಅಂಟು ಒಂದು ನಿಮಿಷದೊಳಗೆ ಗಟ್ಟಿಗಟ್ಟಿಬಿಡುತ್ತದಲ್ಲ ಎಂಬ ದೂರಿಗೆ ಉತ್ತರ ಇದು: ಸುತ್ತಲೂ ಹಚ್ಚಿ ಆಮೇಲೆ ಮುಚ್ಚಲು ಹೋಗಬಾರದು. ಮೂವತ್ತರಷ್ಟು ಸಣ್ಣ ಕ್ಲಾಂಪುಗಳಿಂದ ಹಲಗೆಯನ್ನು ಒಣದಾಗಿಯೇ ಬಿಗಿದು, ಮೂರು ನಾಲ್ಕನ್ನು ಸಡಿಲಿಸಿ, ತೆಳು ಚಾಕುವಿನಿಂದ ಸಂದಿಗೆ ಅಂಟು ತಳ್ಳಿ, ಮತ್ತೆ ಬಿಗಿದು ಮುಂದಿನ ಮೂರಕ್ಕೆ ಹೋಗುವುದು. ಗಿಟಾರಿನಲ್ಲಿ ಈ ಕ್ರಮ ಯಾಕೆ ಬಳಕೆಯಲ್ಲಿಲ್ಲವೋ ಎನಿಸುವಷ್ಟು ನಿರಾಳ.

ಉಬ್ಬು ಮತ್ತು ದಪ್ಪ

ಮೇಲ್ಹಲಗೆಯ ಉಬ್ಬು 15–16 ಮಿ.ಮೀ., ಬೆನ್ನಿನದು ಅದಕ್ಕಿಂತ ತುಸು ಕಡಿಮೆ. ಗಿಟಾರಿಗೆ ಬಳಸುವ, ಉಪ್ಪುಕಾಗದ ಹಚ್ಚಿದ ಗುಂಡುತಟ್ಟೆಯಲ್ಲಿ ಉಜ್ಜಿ ತರುವ ಆಕಾರವಲ್ಲ ಇದು. ರೌಟರಿನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೆಯುವುದು ಬೆನ್ನಿನ ಮೇಪಲಿಗೆ ನಿಜವಾಗಿ ಶ್ರಮ ಉಳಿಸುತ್ತದೆ, ಪ್ರತಿ ಮೆಟ್ಟಿಲೂ ಕೊನೆಯ ಮೈಗಿಂತ 1 ಮಿ.ಮೀ. ಮೇಲೆ ನಿಂತರೆ. ಮೇಲ್ಹಲಗೆಯ ಸ್ಪ್ರೂಸಿಗೆ ಬಾಗಿದ ಬಾಯಿಯ ಉಳಿಯೇ ವೇಗ. ರೌಟರ್ ಹೊಂದಿಸುವಷ್ಟರಲ್ಲಿ ಅದು ಅರ್ಧ ಮುಗಿಸಿರುತ್ತದೆ. ಉಪ್ಪುಕಾಗದ ಎರಡಕ್ಕೂ ಬೇಡ. ಅದು ಸ್ಪ್ರೂಸಿನ ಮೆತ್ತನೆ ಎಳೆಯನ್ನು ತಿಂದು ಗಟ್ಟಿ ಎಳೆಯನ್ನು ಉಳಿಸುತ್ತದೆ, ಉಬ್ಬಿನ ನೆತ್ತಿಯನ್ನೂ ಚಪ್ಪಟೆ ಮಾಡುತ್ತದೆ. ಕೆರೆಯುವ ಸ್ಕ್ರೇಪರ್ ಅಲಗು, ಉಬ್ಬುತಗ್ಗು ತೋರಿಸುವ ಅಡ್ಡಬೆಳಕು, ಸಾಕು.

ಒಳಗಿನಿಂದ ತೆಳು ಮಾಡುವಾಗ ಕೋಷ್ಟಕದ ಅಳತೆಯೋ, ತಟ್ಟಿ ಬಾಗಿಸಿ ನೋಡುವುದೋ? ಗಿಟಾರ್ ಕಟ್ಟುವವರ ಕೈಗೆ ಎರಡನೆಯದು ಚೆನ್ನಾಗಿ ಗೊತ್ತು, ಆದ್ದರಿಂದಲೇ ಅಪಾಯ. ಗಿಟಾರಿನ ಹಲಗೆಗೆ ಆಮೇಲೆ ಒಳಗೆ ಬ್ರೇಸುಗಳು (ಆಸರೆ ಪಟ್ಟಿಗಳು) ಬಂದು ಬಲ ಕೊಡುತ್ತವೆ. ಇಲ್ಲಿ ಬರುವುದು ಸುಮಾರು 270 ಮಿ.ಮೀ. ಉದ್ದದ ಒಂದೇ ಬೇಸ್ ಬಾರ್, ಅಂದರೆ ಮೇಲ್ಹಲಗೆಯ ಒಳಗೆ ಅಂಟಿಸುವ ಮರದ ಪಟ್ಟಿ. ಕೈ ಹೇಳಿದಷ್ಟು ತೆಳು ಮಾಡಿದ ಹಲಗೆ ತಂತಿ ಏರಿಸಿದ ಮೇಲೆ ಕುದುರೆಯ ಅಡಿ ಕುಸಿಯುತ್ತದೆ. ಡ್ರಿಲ್ ಪ್ರೆಸ್ಸಿಗೆ ಗುಂಡುತುದಿಯ ಗೂಟವನ್ನು ಅಡಿಯಾಸರೆ ಮಾಡಿ, ಬೇಕಾದ ದಪ್ಪಕ್ಕಿಂತ 0.5 ಮಿ.ಮೀ. ಹೆಚ್ಚು ಉಳಿಯುವಂತೆ ಕುಳಿಗಳನ್ನು ಕೊರೆದು, ಕುಳಿ ಮಾಯವಾಗುವವರೆಗೆ ಕೆತ್ತುವುದು ಸುರಕ್ಷಿತ. ಮೇಲ್ಹಲಗೆ 2.5–3.0 ಮಿ.ಮೀ., ಬೆನ್ನು ನಡುವೆ 4.5ರಿಂದ ಬದಿಗೆ 2.5–2.8. ತಟ್ಟಿ ನೋಡುವುದು ಕೊನೆಯ 0.2 ಮಿ.ಮೀ.ಗೆ ಇರಲಿ.

ಪರ್ಫ್ಲಿಂಗ್ ಕಾಲುವೆ: ರೌಟರ್, ಕೈಚಾಕು

ಪರ್ಫ್ಲಿಂಗ್ ಎಂದರೆ ಹಲಗೆಯ ಅಂಚಿನ ಸುತ್ತ ಕಾಲುವೆಯಲ್ಲಿ ಕೂರಿಸುವ ಕರಿ-ಬಿಳಿ-ಕರಿ ಪಟ್ಟಿ. ಅದರ ದಪ್ಪ 1.2–1.3 ಮಿ.ಮೀ. ಕಾಲುವೆ ಅಂಚಿನಿಂದ ಸುಮಾರು 4 ಮಿ.ಮೀ. ಒಳಗೆ, 2 ಮಿ.ಮೀ. ಆಳ, ಅಂಚಿನ ದಪ್ಪವೇ 4 ಎಂದಾಗ ಆಳ ಮೀರಿದರೆ ಅಂಚೇ ಮುರಿಯುತ್ತದೆ.

ಕೈಗಾತ್ರದ ರೌಟರ್ ಮೇಪಲಿನಲ್ಲಿ ಅಚ್ಚುಕಟ್ಟು ಕಾಲುವೆ ಕೊಡುತ್ತದೆ. ಆದರೆ ಅಂಚಿನ ಸುತ್ತಲ ಪಟ್ಟಿ ಇನ್ನೂ ಚಪ್ಪಟೆಯಾಗಿರುವಾಗಲೇ ಓಡಿಸಬೇಕು. ಉಬ್ಬು ಅಂಚಿಗೆ ಇಳಿದ ಮೇಲೆ ಓಡಿಸಿದರೆ ಬುಡ ವಾಲಿ, ಕಾಲುವೆಯೂ ವಾಲುತ್ತದೆ. ಮೂಲೆಗೆ 10 ಮಿ.ಮೀ. ಮುಂಚೆ ನಿಲ್ಲಿಸಿ ಉಳಿದದ್ದನ್ನು ಚಾಕುವಿಗೆ ಬಿಡಬೇಕು, ಏಕೆಂದರೆ ಮೂಲೆಯ ಮೊನೆಯನ್ನು ರೌಟರಿನ ದುಂಡು ಬಿಟ್ (ಕೊರೆಯುವ ಅಲಗು) ಎಂದೂ ಕೊಡಲಾರದು. ಸ್ಪ್ರೂಸಿನಲ್ಲಿ ಅದೇ ಬಿಟ್ ಮೆತ್ತನೆ ಎಳೆಗೆ ಜಾರಿ ಕಾಲುವೆಯ ಅಂಚನ್ನು ಸಿಬಿರೆಬ್ಬಿಸುತ್ತದೆ, ಮೂಲೆಯ ಬಳಿ ಚೂರೇ ಹಾರಿಹೋಗಬಹುದು.

ಎರಡಲಗಿನ ಗುರುತುಗತ್ತಿಯಿಂದ ಗೀಚಿ, ಚಾಕುವಿನಿಂದ ನಾಲ್ಕೈದು ಹಗುರ ಸುತ್ತಿನಲ್ಲಿ ಆಳ ಮಾಡಿ, ಸಣ್ಣ ಕೊಕ್ಕೆಯುಳಿಯಿಂದ ನಡುವಿನ ಮರ ಎತ್ತುವುದು ಕೈವಿಧಾನ. ಅಲಗು ಎಳೆಗೆ ಸಮಾನಾಂತರ ಬರುವ ಬದಿಗಳಲ್ಲಿ ಎಳೆಯ ಬೆನ್ನು ಹತ್ತಿ ಓಡುತ್ತದೆ, ಎಳೆಗೆ ಅಡ್ಡ ಬರುವ ಮೇಲ್ತುದಿ ಕೆಳತುದಿಗಳಲ್ಲಿ ಮುಂದೆ ಹೋಗಲೊಲ್ಲದು. ಮೊದಲ ಸುತ್ತು ಬರೀ ಗೀರು ಮೂಡುವಷ್ಟು ಹಗುರವಾಗಿದ್ದರೆ ಎರಡೂ ಹತೋಟಿಗೆ ಬರುತ್ತವೆ. ಹಾಗಾಗಿ ಬೆನ್ನಿಗೆ ರೌಟರ್, ಮೇಲ್ಹಲಗೆಗೆ ಚಾಕು ಎಂಬುದು ನಮ್ಮ ತೀರ್ಪು. ಯಾವುದೇ ಇರಲಿ, ಪಟ್ಟಿ ಒಣದಾಗಿ ಸಲೀಸಾಗಿ ಕೂರಬೇಕು. ಬಿಗಿಯಾಗಿದ್ದರೆ ಅಂಟಿನ ನೀರಿಗೆ ಉಬ್ಬಿ ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಕುತ್ತಿಗೆ

ಬೋಲ್ಟ್ ಹಾಕುವ ಯೋಚನೆ ಬರುತ್ತದೆ, ಬಿಟ್ಟುಬಿಡಿ, 30 ಮಿ.ಮೀ. ಎತ್ತರದ ದೇಹದಲ್ಲಿ ಅದಕ್ಕೆ ಕೈ ಹೋಗುವ ದಾರಿಯೇ ಇಲ್ಲ. ನಿಜವಾದ ಆಯ್ಕೆ ಎರಡು. ಬರೋಕ್ ಕಾಲದವರಂತೆ (17–18ನೇ ಶತಮಾನ) ದೇಹ ಮುಚ್ಚುವ ಮೊದಲೇ ಕುತ್ತಿಗೆಯನ್ನು ಮೇಲಿನ ಬ್ಲಾಕಿಗೆ ಕೂಡಿಸುವುದು ಒಂದು. ಕುತ್ತಿಗೆಯ ಬುಡಕ್ಕೇ ಪಕ್ಕಪಟ್ಟಿ ಸೇರಿಸುವ ಸ್ಪ್ಯಾನಿಷ್ ಹೀಲ್ ಕ್ರಮದಲ್ಲಿ ಗಿಟಾರ್ ಕಟ್ಟುವವರಿಗೆ ಇದು ತವರುಮನೆ, ಒಳಗಿನಿಂದ ಮೊಳೆ ಹೊಡೆಯಲೂ ಜಾಗವಿದೆ. ಆದರೆ ಕೋನ ಅಲ್ಲಿಗೇ ಗಟ್ಟಿಯಾಯಿತು. ಉಬ್ಬು ಎಣಿಸಿದ್ದಕ್ಕಿಂತ ಒಂದು ಮಿ.ಮೀ. ಏರಿದರೆ, ತಂತಿಯ ಅಡಿ ಬೆರಳೂರುವ ಫಿಂಗರ್‌ಬೋರ್ಡಿನ ಅಡಿಗೆ ಆಪು ಹಾಕಬೇಕಾಗುತ್ತದೆ.

ಇನ್ನೊಂದು, ಮುಚ್ಚಿದ ದೇಹದಲ್ಲಿ ಸುಮಾರು 6 ಮಿ.ಮೀ. ಆಳದ ಕಚ್ಚು ಕೊರೆದು ಕುತ್ತಿಗೆ ಕೂರಿಸುವುದು. ಒಮ್ಮೆಗೇ ನಾಲ್ಕು ಸಂಗತಿ ಕೂಡಬೇಕು: ನಟ್‌ನಿಂದ ಹಲಗೆಯ ಅಂಚಿಗೆ 130 ಮಿ.ಮೀ. (ಅಂಚಿನಿಂದ ಕುದುರೆಗೆ 195, ಅಂದರೆ 2:3; ತಂತಿ ಓರೆಯಾಗಿ ಏರುವುದರಿಂದ ಅದರ ಉದ್ದ ಇವೆರಡರ ಮೊತ್ತಕ್ಕಿಂತ ತುಸು ಹೆಚ್ಚು), ಫಿಂಗರ್‌ಬೋರ್ಡಿನ ಅಡಿ ಅಂಚಿನಿಂದ 6 ಮಿ.ಮೀ. ಮೇಲೆ, ಅದರ ರೇಖೆ ಕುದುರೆಯ ಜಾಗದಲ್ಲಿ 27 ಮಿ.ಮೀ. ಎತ್ತರಕ್ಕೆ, ಮತ್ತು ನಡುಗೆರೆಗೆ ನೇರ. ಕಚ್ಚಿನ ಬುಡದಲ್ಲಿ 0.1 ಮಿ.ಮೀ. ಕೆರೆದರೆ ಕುದುರೆಯ ಬಳಿ ಅರ್ಧ ಮಿ.ಮೀ. ಬದಲಾಗುತ್ತದೆ. ಆದ್ದರಿಂದ ಕಚ್ಚನ್ನು ಕಿರಿದಾಗಿ ಶುರುಮಾಡಿ, ಮೊದಲು ನೇರ, ಆಮೇಲೆ ಎತ್ತರ, ಕೊನೆಗೆ ಉದ್ದ ಎಂದು ಕೆರೆಯುತ್ತ ಹೋಗುವುದು. ಸೀಮೆಸುಣ್ಣ ಹಚ್ಚಿ ಒತ್ತಿದರೆ ಎಲ್ಲಿ ತಾಗುತ್ತಿದೆ ಗೊತ್ತಾಗುತ್ತದೆ. ನಿಧಾನ, ಒಂದು ಇಡೀ ದಿನ ಬೇಕು, ಆದರೂ ಇದೇ ಮೇಲು: ಅಂಟು ಹಾಕುವ ಕ್ಷಣದವರೆಗೂ ತಿದ್ದುಪಡಿ ಕೈಯಲ್ಲೇ ಇರುತ್ತದೆ.

ವಾರ್ನಿಷ್, ಬಿರಡೆ

ಗಿಟಾರಿನ ನೈಟ್ರೋ ಲ್ಯಾಕರ್ ಸ್ಪ್ರೇ ಮಾಡಿ, ಉಜ್ಜಿ, ಕನ್ನಡಿಯಂತೆ ಮಾಡಿದ ಪಿಟೀಲು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಕುತ್ತಿಗೆಯ ತುದಿಯ ಸುರುಳಿಯ ಸಂದಿಗಳೂ ತುಂಬಿಹೋಗುತ್ತವೆ. ಸ್ಪಿರಿಟ್ ವಾರ್ನಿಷ್ ಗಂಟೆಗಳಲ್ಲಿ ಒಣಗುತ್ತದೆ, ಆದರೆ ಬಣ್ಣವಿರುವ ಹೊಸ ಲೇಪ ಹಳೆಯದನ್ನು ಕರಗಿಸುವುದರಿಂದ ಕುಂಚ ಎರಡು ಸಲ ಓಡಿದ ಕಡೆ ಕಪ್ಪು ಗೆರೆ. ಎಣ್ಣೆ ವಾರ್ನಿಷ್ ಹಚ್ಚಿದ ಮೇಲೆ ಅಂಗೈಯಿಂದ ತಟ್ಟಿ ಹರಡಲು ಸಮಯ ಕೊಡುತ್ತದೆ. ಬಿಸಿಲು ಅಥವಾ ಅಲ್ಟ್ರಾವಯೊಲೆಟ್ ದೀಪದ ಪೆಟ್ಟಿಗೆ ಇಲ್ಲದಿದ್ದರೆ ಮಾತ್ರ ವಾರಗಟ್ಟಲೆ ಅಂಟಂಟು. ದೀಪದ ಪೆಟ್ಟಿಗೆ ಇದ್ದರೆ ಎಣ್ಣೆ, ಇಲ್ಲದಿದ್ದರೆ ಬಣ್ಣವಿಲ್ಲದ ಸ್ಪಿರಿಟ್ ಲೇಪಗಳ ನಡುವೆ ತೆಳು ಬಣ್ಣ. ಬರಿ ಸ್ಪ್ರೂಸಿನ ಮೇಲೆ ನೇರ ಬಣ್ಣ ಹಚ್ಚಿದರೆ ಕಲೆಕಲೆಯಾಗುತ್ತದೆ, ಆದ್ದರಿಂದ ಮೊದಲು ರಂಧ್ರ ಮುಚ್ಚುವ ಲೇಪ.

ಬಿರಡೆಗೆ 1:30 ಇಳಿಜಾರಿನ ತೂತು ಕೆರೆಯುವ ರೀಮರ್ ಕೊಳ್ಳಬೇಕೋ, ಒಳಗೆ ಗೇರ್ ಇರುವ ಬಿರಡೆ ಹಾಕಬೇಕೋ ಎಂಬುದರಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಗೇರ್ ಬಿರಡೆಗೂ ತೂತು ಅಳತೆಗೆ ಸರಿಯಾಗಿ ಇರಲೇಬೇಕು, ರೀಮರ್ ಹೇಗೂ ತಪ್ಪುವುದಿಲ್ಲ. ಮರದ ಬಿರಡೆ ಹಾಕಿ. ಜಾರಿದರೆ ತುಸು ಸೀಮೆಸುಣ್ಣ, ಬಿಗಿದರೆ ತುಸು ಸಾಬೂನು.